288 ಸುತ್ತಿನ ಬಳಸುದಾರಿ

ಬೆಳಗಿನ ಐದೂಮುಕ್ಕಾಲು. ಶಿವಮೊಗ್ಗದಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ಸೈಕಲ್ ತಳ್ಳಿಕೊಂಡು ಮೈದಾನದ ಗೇಟಿನ ಮುಂದೆ ನಿಂತೆ. ಮುಂದಿನ ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿದ್ದೆ. ಅದು ಒಮ್ಮೆ ಮೇಲೆ ಬಂದು ಹೋದರೆ 2.1 ಮೀಟರ್. ಹಿಂದಿನ ಸಂಜೆ ಮನೆ ಮುಂದೆ ಟೇಪು ಹಾಸಿ, ಹತ್ತು ಸುತ್ತು ಉರುಳಿಸಿ ಕಂಡುಕೊಂಡ ಲೆಕ್ಕ ಇದು.

ಇಲ್ಲಿಂದ ಹೊರಡುವ ಐದು ಕಿಲೋಮೀಟರ್ ಓಟದಲ್ಲಿ ಆರನೇ ಕ್ಲಾಸಿನ ಮಕ್ಕಳೂ ಇರುತ್ತಾರೆ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬರುವ ನಿವೃತ್ತ ಮೇಷ್ಟರೂ ಇರುತ್ತಾರೆ. ಈ ಸಲ ಅದರ ದಾರಿಯ ಒಂದು ತುಂಡನ್ನು ಕಾಮಗಾರಿಗೆ ಅಗೆದಿದ್ದಾರೆ. ಯಾವ ರಸ್ತೆ ಎಂದು ಹೆಸರು ಹಾಕುವುದಿಲ್ಲ. 2016ರಲ್ಲಿ ಶಿವಮೊಗ್ಗ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಈ ಊರಿನ ಎಷ್ಟೋ ಬೀದಿಗಳು ಒಂದಲ್ಲ ಒಂದು ಹೊತ್ತಿನಲ್ಲಿ ಹೀಗೆ ಬಾಯಿ ತೆರೆದು ಮಲಗಿದ್ದವು. ಓದುವವರು ತಮ್ಮ ಬೀದಿಯನ್ನೇ ನೆನೆದುಕೊಂಡರೂ ತಪ್ಪಿಲ್ಲ. ಬದಲಿ ದಾರಿಯನ್ನು ಫೋನಿನ ನಕಾಶೆಯಲ್ಲಿ ಎರಡು ನಿಮಿಷದಲ್ಲಿ ಎಳೆಯಬಹುದು. ಎಳೆದೂ ಇದ್ದೆ. ಅದು ಕಾಲಿಗೆ ಹೇಗೆ ಸಿಗುತ್ತದೆ ಎಂದು ನೋಡಲು ಬಂದಿದ್ದೆ.

ಮೊದಲ ಮುಕ್ಕಾಲು ಕಿಲೋಮೀಟರ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ಅಗಲದ ರಸ್ತೆ, ನಡುವೆ ಡಿವೈಡರ್, ಹಾಲಿನ ವ್ಯಾನು, ಪೇಪರ್ ಹಂಚುವ ಹುಡುಗರು. ಆಮೇಲೆ ಎಡಕ್ಕೆ ತಿರುಗಿದರೆ ಬ್ಯಾರಿಕೇಡ್.

ಅಗೆತ ರಸ್ತೆಯ ಒಂದೇ ಬದಿಗೆ ಇದ್ದೀತು, ಇನ್ನೊಂದು ಬದಿಯಲ್ಲಿ ಸಾಲಾಗಿ ಓಡಿಸಬಹುದು ಎಂದುಕೊಂಡಿದ್ದೆ. ಹಾಗಿರಲಿಲ್ಲ. ಬಲಕ್ಕೆ ಚರಂಡಿಗೆ ತೋಡಿದ ಕಾಲುವೆ, ಅದರೊಳಗಿಂದ ಎದ್ದ ಕಬ್ಬಿಣದ ಸರಳು. ಎಡಕ್ಕೆ ಕೇಬಲ್ ಕೊಳವೆಗಳ ಸುರುಳಿ, ಜಲ್ಲಿ ರಾಶಿ, ಎಂ ಸ್ಯಾಂಡ್ ರಾಶಿ. ನಡುವೆ ಉಳಿದ ಮಣ್ಣಿನಲ್ಲಿ ಜೆಸಿಬಿ ಚಕ್ರದ ಅಚ್ಚು ಒಣಗಿ ಕಲ್ಲಾಗಿತ್ತು. ಮ್ಯಾನ್‌ಹೋಲ್‌ಗಳನ್ನು ಮುಂದೆ ಬರುವ ರಸ್ತೆಯ ಮಟ್ಟಕ್ಕೆ ಮೊದಲೇ ಕಟ್ಟಿದ್ದರಿಂದ ಅವು ನೆಲದಿಂದ ಒಂದು ಗೇಣು ಮೇಲಕ್ಕೆ ನಿಂತಿದ್ದವು. ಅರೆಬೆಳಕಿನಲ್ಲಿ ಮುಂದಿರುವವರ ಬೆನ್ನು ನೋಡಿಕೊಂಡು ಓಡುವ ಮಗುವಿಗೆ ಅದು ಕಾಣುವುದೇ ಇಲ್ಲ. ಒಂದೇ ಸಾಲಿನಲ್ಲಿ ಓಡಿಸುವ ಯೋಚನೆಯನ್ನು ಅಲ್ಲೇ ಬಿಟ್ಟೆ.

ರಸ್ತೆಯ ಆ ತುದಿಗೆ ಹತ್ತಾರು ಮೀಟರ್ ಕಾಂಕ್ರೀಟ್ ಆಗಲೇ ಬಿದ್ದಿತ್ತು. ಮೇಲೆ ಒದ್ದೆ ಗೋಣಿಚೀಲ. ನೀರು ಹಾಯಿಸುತ್ತಿದ್ದವರನ್ನು, ಓಟದ ಹೊತ್ತಿಗೆ ಮುಗಿದೀತೇ ಎಂದು ಕೇಳಿದೆ. ‘ಹಾಕೋದು ಬೇಗ ಸಾರ್, ಕಾಯೋದೇ ಹೊತ್ತು’ ಎಂದರು. ಹಾಕಿದ ಮೇಲೆ ವಾರಕ್ಕೂ ಮಿಕ್ಕಿ ನೀರುಣಿಸಬೇಕು; ಕಾಂಕ್ರೀಟಿನ ಬಲವನ್ನು ಲೆಕ್ಕ ಹಾಕುವುದು 28ನೇ ದಿನಕ್ಕೆ. ಮಳೆ ನಡುವೆ ಬಂದರೆ ಈ ಯಾವ ಲೆಕ್ಕವೂ ನಿಲ್ಲುವುದಿಲ್ಲ, ಮಲೆನಾಡಿನ ಬಾಗಿಲಲ್ಲಿ ಕುಳಿತ ಊರಿಗೆ ಅದನ್ನು ಹೇಳಬೇಕಾಗಿಲ್ಲ. ಮುಗಿಯುತ್ತದೆ ಎಂದು ನಂಬಿ ದಾರಿ ಗೊತ್ತುಮಾಡುವುದು ಸರಿಯಲ್ಲ ಅನ್ನಿಸಿತು. ಮುಗಿಯುವುದಿಲ್ಲ ಎಂದೇ ಇಟ್ಟುಕೊಂಡು ಪಕ್ಕದ ಓಣಿಗೆ ತಿರುಗಿದೆ.

ಅಲ್ಲಿಂದ ಕೆಂಪು ಬಟ್ಟೆಯ ಎಣಿಕೆ ಶುರು.

ಓಣಿಯಲ್ಲಿ ಎರಡು ಕಾರು ಎದುರಾದರೆ ಒಂದು ಹಿಂದೆ ಸರಿಯಬೇಕು. ರಾತ್ರಿ ನಿಲ್ಲಿಸಿದ ಕಾರುಗಳು ಒಂದು ಬದಿಯನ್ನು ಪೂರ್ತಿ ಹಿಡಿದಿದ್ದವು. ಉಳಿದದ್ದು ನನ್ನ ಮೂರು ಹೆಜ್ಜೆ. ಮೂರು ಜನ ಭುಜಕ್ಕೆ ಭುಜ ತಾಗಿಸಿ ಹೋಗಬಹುದು, ನಾಲ್ಕನೆಯವರಿಗೆ ಜಾಗವಿಲ್ಲ. ಚರಂಡಿ ಮುಚ್ಚಿದ ಚಪ್ಪಡಿಗಳಲ್ಲಿ ಎರಡು ಕಾಲಿಟ್ಟರೆ ತೂಗಿದವು. ಎರಡನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಮೂರನೆಯದೂ ಇದ್ದಿರಬಹುದು, ಎಲ್ಲದರ ಮೇಲೂ ನಿಂತು ನೋಡಲಿಲ್ಲ.

ಒಂದು ಮನೆಯ ಮುಂದೆ ಹೆಂಗಸೊಬ್ಬರು ಅಂಗಳಕ್ಕೆ ಸಗಣಿ ನೀರು ಹಾಕಿ ರಂಗೋಲಿಗೆ ಕೂತಿದ್ದರು. ನಾನು ಎಣಿಸುತ್ತಿದ್ದುದನ್ನು ನೋಡಿ ಏನೆಂದು ಕೇಳಿದರು. ಹೇಳಿದೆ. ‘ಎಷ್ಟೊತ್ತಿಗೆ ಬರ್ತಾರೆ? ಆರೂವರೆಗಾದ್ರೆ ನಾನು ನೀರು ಹಾಕಿ ಆಗಿರುತ್ತೆ, ಜಾರುತ್ತೆ ಮಕ್ಕಳಿಗೆ. ಮೊದ್ಲೇ ಒಂದು ಮಾತು ಹೇಳಿ, ಅವತ್ತು ಹೊಸ್ತಿಲಲ್ಲೇ ಹಾಕ್ಕೋತೀನಿ’ ಎಂದರು. ನಕಾಶೆಯ ಗೆರೆ ಈ ಮನೆಯ ಮುಂದೆಯೇ ಹಾದುಹೋಗಿತ್ತು. ಆದರೆ ಇಲ್ಲಿ ಬೆಳಿಗ್ಗೆ ನೆಲ ಒದ್ದೆಯಿರುತ್ತದೆ ಎಂದು ಅದು ಹೇಳಿರಲಿಲ್ಲ. ಈ ಓಣಿಯಲ್ಲಿ ಓಟದ ಹಿಂದಿನ ದಿನ ಮನೆಮನೆಗೆ ಹೋಗಿ ಹೇಳಬೇಕು. ಮೈಕಿನಲ್ಲಿ ಕೂಗಿಕೊಂಡು ಹೋದರೆ ಸಾಲದು.

ಮುಂದೆ ಹೋದಾಗ ಇನ್ನೂ ದೊಡ್ಡ ವಿಷಯ ತಿಳಿಯಿತು. ಅಗೆದ ರಸ್ತೆಯ ಮನೆಗಳವರು ಈಗ ಗಾಡಿ ತೆಗೆಯುವುದು ಇದೇ ಓಣಿಯಿಂದ. ಆ ಕಡೆ ಗುಂಡಿ. ಓಟಕ್ಕೆಂದು ಈ ಕಡೆಯನ್ನೂ ಹಗ್ಗ ಕಟ್ಟಿ ನಿಲ್ಲಿಸಿದರೆ ಅಷ್ಟೂ ಮನೆಗಳು ಒಳಗೇ ಉಳಿಯುತ್ತವೆ. ಯಾರಿಗಾದರೂ ಎದೆನೋವು ಬಂದರೆ, ಹೆರಿಗೆ ನೋವು ಬಂದರೆ? ದಾರಿ ಬದಲಿಸುವಾಗ ನಾವೆಲ್ಲ ಓಡುವವರ ಬಗ್ಗೆಯೇ ಯೋಚಿಸುತ್ತೇವೆ. ತಿಂಗಳುಗಟ್ಟಲೆ ಧೂಳು ಕುಡಿದವರ ಬಾಗಿಲಿಗೆ ನಾವೇ ಇನ್ನೊಂದು ತಡೆ ಹಾಕುತ್ತಿದ್ದೇವೆ ಎಂಬುದು ನನಗೂ ಆ ಮೂಲೆಯಲ್ಲಿ ನಿಂತಾಗಲೇ ಹೊಳೆದದ್ದು. ಇಲ್ಲಿ ಹಗ್ಗ ಕಟ್ಟಬಾರದು. ಸೀಟಿ ಹಿಡಿದ ಒಬ್ಬರು ನಿಲ್ಲಬೇಕು, ಗಾಡಿ ಬಂದರೆ ಓಟವನ್ನು ಅರೆಗಳಿಗೆ ತಡೆಯುವ ಅಧಿಕಾರ ಅವರಿಗಿರಬೇಕು. ಯಾರದೋ ಸಮಯದಲ್ಲಿ ಅರ್ಧ ನಿಮಿಷ ಹೋದರೆ ಹೋಗಲಿ.

ಓಣಿ ಎರಡು ಸಲ ಸೊಟ್ಟಗಾಗಿ ಮತ್ತೆ ಹಳೆಯ ದಾರಿಗೆ ಕೂಡಿತು. ಎಣಿಕೆ 290. ನಡುವೆ ನಾಯಿಯೊಂದು ಬೊಗಳುತ್ತ ಬಂದಾಗ ಗಮನ ತಪ್ಪಿತ್ತು. ಹಿಂದಿರುಗಿ ಇನ್ನೊಮ್ಮೆ ತಳ್ಳಿದೆ. 288. ಎರಡು ಸುತ್ತು ಎಂದರೆ ನಾಲ್ಕು ಮೀಟರ್ ಚಿಲ್ಲರೆ. ಐದು ಕಿಲೋಮೀಟರಿನಲ್ಲಿ ನಾಲ್ಕು ಮೀಟರ್ ಯಾವ ಲೆಕ್ಕ ಎಂದು ಅನ್ನಿಸಬಹುದು. ಓಟದ ದಾರಿ ಅಳೆಯುವವರಿಗೆ ಅದೂ ಲೆಕ್ಕವೇ. ಪ್ರಪಂಚದ ದೊಡ್ಡ ಮ್ಯಾರಥಾನ್‌ಗಳ 42.195 ಕಿಲೋಮೀಟರನ್ನೂ ಅಳೆಯುವುದು ಸೈಕಲ್ಲಿನಿಂದಲೇ. ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಎಣಿಸುವ ಸಾಧನ ಕೂರಿಸಿ, ಟೇಪಿನಿಂದ ಅಳೆದ ನೇರ ರಸ್ತೆಯ ಮೇಲೆ ಅಳತೆಗೆ ಮುಂಚೆ ನಾಲ್ಕು ಸಲ, ಆದಮೇಲೆ ನಾಲ್ಕು ಸಲ ಓಡಿಸುತ್ತಾರೆ. ಬಿಸಿಲೇರಿದಂತೆ ಟೈರಿನ ಗಾಳಿ ಹಿಗ್ಗಿ ಚಕ್ರದ ಸುತ್ತಳತೆ ಬದಲಾಗುತ್ತದೆ, ಅದಕ್ಕೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು, ಇರುವುದರಲ್ಲಿ ಅತಿ ಹತ್ತಿರದ ದಾರಿ ಹಿಡಿಯುತ್ತಾರೆ. ಕೊನೆಗೆ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚಿಗೆ ಸೇರಿಸುತ್ತಾರೆ. ದಾರಿ ಒಂದಿಷ್ಟು ಉದ್ದವಾದರೂ ಸರಿ, ಗಿಡ್ಡವಾಗಬಾರದು.

ನಾನೂ ಕಡಿಮೆ ಬಂದ 288ನ್ನೇ ಇಟ್ಟುಕೊಂಡೆ. ಬಳಸುದಾರಿ ಸುಮಾರು 605 ಮೀಟರ್. ಮುಚ್ಚಿದ ತುಂಡು 380. ಹೆಚ್ಚಾದದ್ದು 225 ಮೀಟರ್. ಇದನ್ನು ಎಲ್ಲಿ ಕಳೆಯಬೇಕು? ದಾರಿಯ ಕೊನೆಯಲ್ಲಿ ಹೊಳೆಯ ಕಡೆಗೆ ಹೋಗಿ ಅದೇ ರಸ್ತೆಯಲ್ಲಿ ವಾಪಸು ಬರುವ ಭಾಗವಿದೆ. ಅಲ್ಲಿನ ತಿರುವನ್ನು ಅರ್ಧದಷ್ಟು, ಅಂದರೆ 112 ಮೀಟರ್ ಹಿಂದಕ್ಕೆ ತಂದರೆ ಹೋಗುವಾಗ ಅಷ್ಟು, ಬರುವಾಗ ಅಷ್ಟು ಉಳಿದು ಲೆಕ್ಕ ಸರಿಹೋಗುತ್ತದೆ.

ಬೆಳಕು ಚೆನ್ನಾಗಿ ಹರಿದಿತ್ತು. ತಿರುವಿನ ಕಡೆ ಹೋಗುವ ಮುಂಚೆ, ಯಾಕೋ, ಓಣಿಯನ್ನು ಮತ್ತೊಮ್ಮೆ ಆ ಕೊನೆಯಿಂದ ನೋಡುತ್ತ ನಿಂತೆ. ನಮ್ಮ ಓಟದಲ್ಲಿ ಈ ಮೂರು ಹೆಜ್ಜೆ ಅಗಲದ ಜಾಗ ಮೊದಲ ಕಿಲೋಮೀಟರಿನಲ್ಲೇ ಬರುತ್ತದೆ. ಎಲ್ಲರೂ ಇನ್ನೂ ಗುಂಪಾಗಿ ನುಗ್ಗುತ್ತಿರುವಾಗ. ಓಟವನ್ನೇ ತಿರುಗಿಸಿ, ಹೊಳೆಯ ಕಡೆ ಮೊದಲು ಕಳಿಸಿದರೆ? ಆಗ ಓಣಿ ಬರುವುದು ನಾಲ್ಕು ಕಿಲೋಮೀಟರ್ ಹತ್ತಿರ. ಅಷ್ಟು ಹೊತ್ತಿಗೆ ವೇಗದವರು ಮುಂದೆ, ನಿಧಾನದವರು ಹಿಂದೆ ಚದುರಿ, ಇಬ್ಬರು ಮೂವರಾಗಿ ಬರುತ್ತಾರೆ. ರಸ್ತೆ ಅಗಲವಾಗುವುದಿಲ್ಲ, ಆದರೆ ಸಾಕಾಗುತ್ತದೆ. ಒಂದು ಅಳುಕಿದೆ. ಈ ದಿಕ್ಕಿನಲ್ಲಿ ಓಣಿ ಸಣ್ಣಗೆ ಏರು. ದಣಿದ ವಯಸ್ಸಾದವರಿಗೆ ಕೊನೆಯಲ್ಲಿ ಆ ಏರು ಭಾರವಾದೀತೇ ಎಂಬುದನ್ನು ಸೈಕಲ್ ತಳ್ಳಿದವನು ಹೇಳಲಾರ. ಅವರನ್ನೇ ಒಮ್ಮೆ ಕರೆತಂದು ನಡೆಸಬೇಕು.

‘ಇಷ್ಟೆಲ್ಲ ಯಾಕೆ, ಭದ್ರಾವತಿಗೆ ಒಯ್ದರಾಯಿತು’ ಎಂದು ಹೇಳಿದವರೂ ಇದ್ದರು. ಅದನ್ನೂ ನೋಡದೆ ಬಿಡಬಾರದೆಂದು ಸೈಕಲ್ ಮನೆಯಲ್ಲಿಟ್ಟು ಬಸ್ ಹತ್ತಿದೆ. ಬಿ.ಎಚ್. ರಸ್ತೆಯಲ್ಲಿ ತುಂಗೆ ದಾಟಿ ಸುಮಾರು 20 ಕಿಲೋಮೀಟರ್. ಇಳಿದು ನ್ಯೂ ಟೌನ್ ಕಡೆ ನಡೆದೆ. 1918ರಲ್ಲಿ ಕೆಲಸ ಶುರುವಾಗಿ 1923ರಲ್ಲಿ ಉತ್ಪಾದನೆಗೆ ಬಂದ ಮೈಸೂರು ಕಬ್ಬಿಣದ ಕಾರ್ಖಾನೆ, ಇಂದಿನ ವಿಐಎಸ್‌ಎಲ್, ತನ್ನ ಕೆಲಸಗಾರರಿಗಾಗಿ ಬೆಳೆಸಿದ ಬಡಾವಣೆ ಇದು. ಪಾಳಿ ಬಿಟ್ಟ ಹೊತ್ತಿಗೆ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು ಎಂದು ಹಳಬರು ಹೇಳುವುದನ್ನು ಕೇಳಿದ್ದೆ. ಈಗ ಆ ರಸ್ತೆಗಳಲ್ಲಿ ಸದ್ದು ಕಡಿಮೆ. ನೆರಳಿದೆ, ನೇರವಿದೆ. ಕೆಲವು ಕಡೆ ಮರದ ಬೇರು ಡಾಂಬರನ್ನು ಎತ್ತಿದೆ. ಅದೊಂದು ಬಿಟ್ಟರೆ ಓಡಲು ಇದಕ್ಕಿಂತ ಒಳ್ಳೆಯ ನೆಲ ನಾನು ಆ ದಿನ ನೋಡಲಿಲ್ಲ.

ಆದರೂ ಒಪ್ಪಿಗೆಯಾಗಲಿಲ್ಲ. ಭದ್ರಾವತಿಯವರು ಇಲ್ಲಿ ಓಡಲಿ, ಓಡಬೇಕು. ಶಿವಮೊಗ್ಗದ ಓಣಿಯ ಮಗು ಬೆಳಗಿನ ಐದೂವರೆಗೆ 20 ಕಿಲೋಮೀಟರ್ ದೂರ ಬರಬೇಕಾದರೆ ಅಪ್ಪನ ಬೈಕ್ ಬೇಕು, ಅಪ್ಪನಿಗೆ ಬಿಡುವು ಬೇಕು. ಮನೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುವ ಅಜ್ಜಿಯಂತೂ ಬರುವುದಿಲ್ಲ.

ಮಧ್ಯಾಹ್ನ ವಾಪಸು ಬಂದು, ಸೈಕಲ್ ತೆಗೆದುಕೊಂಡು, ಉಳಿದಿದ್ದ ತಿರುವಿನ ಜಾಗಕ್ಕೆ ಹೋದೆ. ಹಳೆಯ ತಿರುವಿನಿಂದ ಹಿಂದಕ್ಕೆ 53 ಸುತ್ತು ಎಣಿಸಿದೆ, 112ರ ಹತ್ತಿರ ಬಂತು. ಎದುರಿಗೇ ಒಂದು ವಿದ್ಯುತ್ ಕಂಬ. ಅದನ್ನೇ ಗುರುತಾಗಿ ಬರೆದುಕೊಳ್ಳುತ್ತಿದ್ದೆ, ಕೈ ನಿಂತಿತು. ಕೇಬಲ್ ನೆಲದೊಳಕ್ಕೆ ಇಳಿಯುತ್ತಿರುವ ಊರಿನಲ್ಲಿ ಕಂಬಗಳು ಇದ್ದಲ್ಲೇ ಇರುವುದಿಲ್ಲ. ಸುತ್ತ ನೋಡಿದೆ. ರಸ್ತೆಯ ಬಲಕ್ಕೆ ಕಲ್ಲಿನ ಅರಳಿಕಟ್ಟೆ, ಅದರ ಮೇಲೆ ಅರಿಶಿನ ಮೆತ್ತಿದ ನಾಗರಕಲ್ಲು. ಕಟ್ಟೆಯ ಹೊಳೆಯ ಕಡೆಯ ಮೂಲೆಯಿಂದ ಹೆಜ್ಜೆ ಹಾಕಿ, ಕಂಬದ ಹೆಸರು ಹೊಡೆದುಹಾಕಿ ಚೀಟಿಯಲ್ಲಿ ಬರೆದೆ: ಅರಳಿಕಟ್ಟೆಯ ಮೂಲೆಯಿಂದ ಹನ್ನೊಂದು ಹೆಜ್ಜೆ.