ಕರ್ನಲ್ ಕೈಗೆ ಕೋಳ ತೊಡಿಸೋರು ಯಾರು?

ಯುದ್ಧ ನಡೀತಿರೋ ದೇಶದಲ್ಲಿ ದಿನಾ ಹೆಣ ಬೀಳುತ್ತೆ. ಅದರ ನಡುವೆ ಒಬ್ಬಳು ವೇಶ್ಯೆಯ ಕೊಲೆಯಾದರೆ ಕೇಳೋರು ಯಾರು ಸ್ವಾಮಿ? 'ಆಫ್ ಲಿಮಿಟ್ಸ್' ಚಿತ್ರದ ಇಬ್ಬರು ಹೀರೋಗಳು ಕೇಳ್ತಾರೆ!

1988ರಲ್ಲಿ ತೆರೆಕಂಡ ಈ ಹಾಲಿವುಡ್ ಚಿತ್ರ ಕೆಲವು ದೇಶಗಳಲ್ಲಿ 'ಸೈಗಾನ್' ಎಂಬ ಹೆಸರಿನಲ್ಲಿ ಓಡಿತು. ಕಥೆ ನಡೆಯೋದು 1968ರ ಸೈಗಾನ್‌ನಲ್ಲಿ. ಆಗ ವಿಯೆಟ್ನಾಂನಲ್ಲಿದ್ದ ಅಮೆರಿಕನ್ ಸೈನಿಕರೇ ಐದು ಲಕ್ಷಕ್ಕೂ ಹೆಚ್ಚು! ಅಷ್ಟು ಜನ ಸೇರಿದ ಮೇಲೆ ಕುಡಿತ, ಕಳ್ಳಸಂತೆ, ಕೊಲೆ ಎಲ್ಲಾ ಇದ್ದದ್ದೇ. ಪತ್ತೆ ಹಚ್ಚೋಕೆ ಸೈನ್ಯದ್ದೇ ಒಂದು ಸಿ.ಐ.ಡಿ. ಇದೆ. ಈ ಪತ್ತೇದಾರರು ಹೆಚ್ಚಾಗಿ ಮಫ್ತಿಯಲ್ಲೇ ಓಡಾಡ್ತಾರೆ, ತಮ್ಮ ರ‍್ಯಾಂಕ್ ಹೇಳಿಕೊಳ್ಳಲ್ಲ. ಯಾಕೆ ಗೊತ್ತಾ? ಭುಜದ ಮೇಲಿನ ಪಟ್ಟಿ ಕಂಡರೆ ಮೇಲಧಿಕಾರಿ ಬಾಯಿ ಬಿಡ್ತಾನಾ? "ಸೆಲ್ಯೂಟ್ ಹೊಡಿ, ಆಚೆ ನಡಿ" ಅಂದುಬಿಡ್ತಾನೆ!

ಚಿತ್ರದ ಬಿಸಿ ಇರೋದೇ ಇಲ್ಲಿ. ಸತ್ತ ಹೆಣ್ಣುಗಳೆಲ್ಲ ಅಮೆರಿಕನ್ ಸೈನಿಕರಿಗೆ ಮಕ್ಕಳನ್ನು ಹೆತ್ತವರು. ಅನುಮಾನ ಹೋಗೋದು ದೊಡ್ಡ ದೊಡ್ಡ ಅಧಿಕಾರಿಗಳ ಮೇಲೆ. ಹಿಂದೆ ನಡೆದ ತನಿಖೆಯನ್ನು ಮೇಲಿನವರೇ ಮುಚ್ಚಿಹಾಕಿದ್ದಾರೆ. ಸ್ಥಳೀಯ ಪೊಲೀಸರ ಜೊತೆಗೂ ಜಟಾಪಟಿ. ವಿಲೆಮ್ ಡಫೋ, ಗ್ರೆಗರಿ ಹೈನ್ಸ್ ಜೋಡಿ ಬೆವರು ಸುರಿಸುತ್ತಾ ಗಲ್ಲಿ ಗಲ್ಲಿ ಅಲೆಯುತ್ತೆ. ನಿಜವಾದ ಹೈನ್ಸ್ ಟ್ಯಾಪ್ ಡ್ಯಾನ್ಸ್‌ನ ಮಾಂತ್ರಿಕ. ಇಲ್ಲಿ ಕಾಲು ಕುಣಿಸಲ್ಲ, ನಾಲಿಗೆ ಕುಣಿಸ್ತಾನೆ. ಡಫೋ ಅದೇ ವರ್ಷ ಇನ್ನೊಂದು ಚಿತ್ರದಲ್ಲಿ ಏಸುಕ್ರಿಸ್ತನಾಗಿದ್ದ ಅಂದರೆ ನಂಬ್ತೀರಾ?

ಆದರೆ ಮೈ ಜುಮ್ಮೆನ್ನಿಸೋನು ಸ್ಕಾಟ್ ಗ್ಲೆನ್. ಅವನು ಕರ್ನಲ್ ಆರ್ಮ್‌ಸ್ಟ್ರಾಂಗ್. ಪತ್ತೇದಾರರನ್ನು ಹೆಲಿಕಾಪ್ಟರ್‌ನಲ್ಲಿ ಕೂರಿಸಿಕೊಂಡು ಆಕಾಶಕ್ಕೇರ್ತಾನೆ. ಜೊತೆಗೆ ಕೈಕಟ್ಟಿದ ಕೈದಿಗಳು. ಬಾಯಿ ಬಿಡದವರನ್ನು ಹೊರಕ್ಕೆ ತಳ್ಳಿಸ್ತಾನೆ! ವಿಚಾರಣೆ ಮಾಡೋಕೆ ಬಂದವರ ಬಾಯಲ್ಲೇ ಮಾತಿಲ್ಲ. ನಗರದ ಕೋಣೆಯಲ್ಲಿ ಕೊಂದರೆ ಕೊಲೆ, ಹೆಲಿಕಾಪ್ಟರ್‌ನಿಂದ ತಳ್ಳಿದರೆ ಯುದ್ಧವಾ? ಆ ದೃಶ್ಯದ ಕೊನೆ ಹೇಳಲ್ಲ, ನೋಡೇ ತಿಳೀಬೇಕು.

ನಿರ್ದೇಶಕ ಕ್ರಿಸ್ಟೋಫರ್ ಕ್ರೋ ಚಿತ್ರೀಕರಣ ನಡೆಸಿದ್ದು ಬ್ಯಾಂಕಾಕ್‌ನಲ್ಲಿ. ಸೆಕೆ, ಜನಜಂಗುಳಿ, ಬಾರುಗಳ ಬಣ್ಣದ ದೀಪ, ಎಲ್ಲಾ ಮೂಗಿಗೇ ಹೊಡೆಯುತ್ತೆ. ಕೊರತೆ ಇಲ್ಲವೇ? ಇದೆ. ಸತ್ತ ಹೆಣ್ಣುಗಳು ಹೆಣವಾಗೇ ಉಳಿದುಬಿಡ್ತಾರೆ. ಅವರ ಕಥೆ ಹೇಳೋಕೆ ಚಿತ್ರಕ್ಕೆ ಪುರುಸೊತ್ತಿಲ್ಲ. ಸನ್ಯಾಸಿನಿ ಅಮಂಡಾ ಪೇಸ್ ಹಿಂದೆ ಹೀರೋನ ಮನಸ್ಸು ಜಾರೋಕೆ ಮಾತ್ರ ಬೇಕಾದಷ್ಟು ರೀಲಿದೆ!

ಕೊಲೆಗಾರ ಯಾರು? ಪಕ್ಕದ ಸೀಟಿನ ಗೆಳೆಯ ಮೊದಲೇ ನೋಡಿದ್ದರೆ ಅವನ ಬಾಯಿಗೆ ಕಡಲೆಕಾಯಿ ತುಂಬಿ ಕೂರಿಸಿ!