ಬಾವಿಯ ನೀರಿಗೆ ಪೆಟ್ರೋಲು ಸೇರುವ ವಿಚಾರ

ಚನ್ನಗಿರಿಯ ಅಡಕೆ ತೋಟಗಾರರಿಗೆ ಭದ್ರಾ ನಾಲೆಯೂ ಸೂಳೆಕೆರೆಯೂ ಉಂಟು. ಹೊನ್ನಾಳಿಯ ಮಗ್ಗುಲಲ್ಲಿ ತುಂಗಭದ್ರೆ ಹರಿಯುತ್ತಾಳೆ. ಜಗಳೂರಿನವರಿಗಾದರೋ ಬಹುಮಟ್ಟಿಗೆ ಕೊಳವೆ ಬಾವಿಯೇ ಗತಿ. ಆದರೂ ಈ ಮೂರು ತಾಲ್ಲೂಕುಗಳಲ್ಲಿಯೂ, ಹೊನ್ನಾಳಿಯಿಂದ ಬೇರೆಯಾದ ನ್ಯಾಮತಿಯಲ್ಲಿಯೂ, ನಾಲೆಗೆ ದೂರವಾದ ಹೊಲಗಳಿಗೆ ನೆಲದೊಳಗಿನ ನೀರೇ ಆಧಾರವೆಂಬುದನ್ನು ಎಲ್ಲರೂ ಬಲ್ಲರು. ಆ ನೀರಿನಲ್ಲಿರತಕ್ಕ ಉಪ್ಪು, ಫ್ಲೋರೈಡು, ನೈಟ್ರೇಟುಗಳನ್ನು ಸರ್ಕಾರದವರು ಆಗಾಗ್ಗೆ ಪರೀಕ್ಷಿಸುತ್ತಾರೆ. ಈ ವಾಡಿಕೆಯ ಪರೀಕ್ಷೆಯಿಂದ ಪೆಟ್ರೋಲಿನ ಅಂಶವು ಗೊತ್ತಾಗುವುದಿಲ್ಲ. ಅದಕ್ಕೆ ಪ್ರತ್ಯೇಕ ಪರೀಕ್ಷೆಯೇ ಬೇಕು. ರಸ್ತೆಯ ಬದಿಯ ಜಮೀನನ್ನು ಪೆಟ್ರೋಲ್ ಬಂಕಿಗೆ ಗುತ್ತಿಗೆ ಕೊಡತಕ್ಕ ಭೂಮಾಲೀಕರು ಈ ಸಂಗತಿಯನ್ನು ಮೊದಲೇ ಮನಸ್ಸಿಗೆ ತಂದುಕೊಳ್ಳಬೇಕು.

ಬಂಕಿನ ಟ್ಯಾಂಕುಗಳು ನೆಲದಲ್ಲಿ ಹೂಳಲ್ಪಟ್ಟಿರುತ್ತವೆ. ಟ್ಯಾಂಕಾಗಲಿ ಕೊಳವೆಯ ಸಂದಾಗಲಿ ತುಕ್ಕು ಹಿಡಿದು ಸೋರಿದರೆ ಮೇಲೆ ನಿಂತವರಿಗೆ ಕಾಣದು. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಮಣ್ಣಿನಲ್ಲಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ಅದರಲ್ಲಿರುವ ಬೆಂಜೀನು ಎಂಬ ವಸ್ತುವಾದರೆ ನೀರಿನಲ್ಲಿ ಕರಗಿ, ನೀರು ಹೋದತ್ತ ಹೋಗುತ್ತದೆ. ಇದು ರಕ್ತದ ಕ್ಯಾನ್ಸರನ್ನುಂಟುಮಾಡತಕ್ಕ ವಸ್ತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಇದು 0.01 ಮಿಲಿಗ್ರಾಮನ್ನು ಮೀರಕೂಡದು. ಈಗಿನ ಪೆಟ್ರೋಲಿನಲ್ಲಿ ಶೇಕಡ 1ರ ವರೆಗೆ ಬೆಂಜೀನು ಇರಬಹುದು. ಲೆಕ್ಕ ಹಾಕಿ ನೋಡಿದರೆ, ಅಂತಹ ಒಂದೇ ಲೀಟರು ಪೆಟ್ರೋಲಿನ ಬೆಂಜೀನು 8 ಲಕ್ಷ ಲೀಟರಿಗೂ ಹೆಚ್ಚಿನ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ನಾಲಗೆಗೆ ರುಚಿ ತಿಳಿಯುವ ವೇಳೆಗೆ ಮಿತಿಯು ಹತ್ತಾರು ಪಟ್ಟು ಮೀರಿರುತ್ತದೆ. ಆದುದರಿಂದ ಮೂಗನ್ನೂ ನಾಲಗೆಯನ್ನೂ ನಂಬತಕ್ಕದ್ದಲ್ಲ.

ನಮ್ಮದು ಗಟ್ಟಿಕಲ್ಲಿನ ಸೀಮೆ. ನೀರು ಬಂಡೆಯ ಸೀಳುಗಳಲ್ಲಿ ಓಡುವುದರಿಂದ ಹತ್ತಿರದ ಬಾವಿ ಚೆನ್ನಾಗಿದ್ದು ದೂರದ್ದು ಕೆಡಬಹುದು. ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ 50 ಮೀಟರು ದೂರದಲ್ಲಿರಬೇಕೆಂದೂ, ಅದಾಗದೆಡೆ ಹೆಚ್ಚಿನ ರಕ್ಷಣೆಯೊಡನೆ 30 ಮೀಟರಿಗಾದರೂ ಕಡಮೆಯಾಗಕೂಡದೆಂದೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಗೊತ್ತುಮಾಡಿತು. ಬಂಡೆಯ ಸೀಳಿಗೆ ಈ ಗಣಿತ ತಿಳಿಯದು. ಅಮೆರಿಕದ ಸಾಂತಾ ಮೋನಿಕಾ ಪಟ್ಟಣದವರು, ಪೆಟ್ರೋಲಿಗೆ ಬೆರೆಸುತ್ತಿದ್ದ ಎಂ.ಟಿ.ಬಿ.ಇ. ಎಂಬ ದ್ರವವು ಬಾವಿಗಳಲ್ಲಿ ಕಂಡುಬಂದುದರಿಂದ 1996ರಲ್ಲಿ ಅವನ್ನು ಮುಚ್ಚಿ, ತಮ್ಮ ನೀರಿನ ಸುಮಾರು ಅರ್ಧ ಭಾಗವನ್ನು ಕಳೆದುಕೊಂಡರು.

ಟ್ಯಾಂಕು ಹೂಳುವುದಕ್ಕೆ ಮುಂಚೆಯೇ ಸುತ್ತಲಿನ ಬಾವಿಗಳ ನೀರನ್ನು ಪರೀಕ್ಷೆ ಮಾಡಿಸಿ, ವರದಿಯನ್ನು ಗುತ್ತಿಗೆಯ ಪತ್ರದೊಡನೆ ಇಡುವುದು ಎಲ್ಲಕ್ಕಿಂತ ಮುಖ್ಯ. ಮೊದಲು ನೀರು ಶುದ್ಧವಾಗಿತ್ತೆಂಬುದಕ್ಕೆ ದಾಖಲೆಯಿಲ್ಲದಿದ್ದರೆ ಮುಂದೆ ಸೋರಿಕೆಯ ಹೊಣೆಯನ್ನು ಯಾರ ಮೇಲೂ ಸ್ಥಾಪಿಸುವುದು ಕಷ್ಟ. ಬಂಕಿನಿಂದ ನೀರು ಇಳಿಯುವ ಕಡೆಗೆ ಒಂದು ವೀಕ್ಷಣೆಯ ಬಾವಿಯನ್ನು ಕೊರೆಯಿಸಿ, ವರ್ಷಕ್ಕೊಮ್ಮೆಯಾದರೂ ಬೆಂಜೀನಿನ ಪರೀಕ್ಷೆ ನಡೆಯಿಸತಕ್ಕದ್ದೆಂಬ ಷರತ್ತನ್ನೂ ಬರೆಯಿಸಬಹುದು. ಪಂಪಿನಿಂದ ಆಳದ ನೀರನ್ನೆತ್ತಿದರೆ ಮೇಲೆ ತೇಲುವ ಪೆಟ್ರೋಲು ತಪ್ಪಿಹೋಗುತ್ತದೆ. ಆದುದರಿಂದ ನೀರಿನ ಮೇಲ್ಮಟ್ಟವನ್ನೂ ಪಾರದರ್ಶಕವಾದ ಕೊಳವೆಯಿಂದ ಎತ್ತಿ ನೋಡಬೇಕು. ಪರೀಕ್ಷೆಯ ನೀರನ್ನು ಗಾಜಿನ ಸೀಸೆಯಲ್ಲಿ ಗಾಳಿಗೆ ಎಡೆಯಿಲ್ಲದಂತೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಬೇಗನೆ ಪ್ರಯೋಗಶಾಲೆಗೆ ಕಳುಹಿಸಬೇಕು. ಬೆಂಜೀನು ಗಾಳಿಯಲ್ಲಿ ಹಾರಿಹೋಗುವ ಗುಣವುಳ್ಳದ್ದು; ಬಾಯಿ ತೆರೆದ ಬಿಂದಿಗೆಯಲ್ಲಿ ತಂದ ನೀರಿನಿಂದ ಪ್ರಯೋಜನವಿಲ್ಲ.

ಹಾಳುಬಾವಿಗೆ ಇಳಿಯುವ ಮುಂಚೆ ಕೆಟ್ಟ ಗಾಳಿಯನ್ನು ಪರೀಕ್ಷಿಸಲು ದೀಪವನ್ನು ಇಳಿಬಿಡುವ ಹಳೆಯ ವಾಡಿಕೆಯುಂಟು. ಪೆಟ್ರೋಲಿನ ಶಂಕೆಯಿರುವ ಬಾವಿಯಲ್ಲಿ ಹೀಗೆ ಎಂದಿಗೂ ಮಾಡಕೂಡದು. ಅದರ ಆವಿಯು ಗಾಳಿಗಿಂತ ಭಾರವಾಗಿ ತಳದಲ್ಲಿ ನಿಂತಿದ್ದು, ಕಿಡಿ ಸೋಕಿದೊಡನೆ ಸಿಡಿಯುತ್ತದೆ. ಬಾವಿಯ ಬಳಿ ಬೀಡಿಯನ್ನೂ ಸೇದಗೊಡದೆ, ಪಂಪಿನ ಸ್ವಿಚ್ಚನ್ನು ಮುಟ್ಟದೆ, ಅಗ್ನಿಶಾಮಕ ದಳದವರಿಗೆ ತಿಳಿಸತಕ್ಕದ್ದು.