ಜಾಂಬೋಟಿಯ ನೊರೆಗೂಡು, ಕರಾವಳಿಯ ಮರಳುಗುಂಡಿ

ಖಾನಾಪುರ ತಾಲ್ಲೂಕಿನ ನೀರು ಎರಡು ಕಡಲಿಗೆ ಹೋಗುತ್ತದೆ. ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ಹರಿದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರಿದರೆ, ಮಹದಾಯಿ ಘಟ್ಟ ಇಳಿದು ಪಣಜಿಯ ಬಳಿ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಎರಡೂ ಕಡಲಲ್ಲಿ ಆಲಿವ್ ರಿಡ್ಲಿ ಆಮೆಗಳಿವೆ. ನದಿಗಳು ಹುಟ್ಟುವ ಕಾಡಿನಲ್ಲಿ ಮಲಬಾರ್ ಹಾರುಕಪ್ಪೆ ಇದೆ. ಮೊಟ್ಟೆಯಿಡುವ ಹೊತ್ತಿಗೆ ಇವೆರಡೂ ಉಲ್ಟಾ ದಾರಿ ಹಿಡಿಯುತ್ತವೆ: ನೀರಿನ ಜೀವಿ ನೆಲಕ್ಕೆ ಬರುತ್ತದೆ, ಮರದ ಜೀವಿ ನೀರು ಹುಡುಕುತ್ತದೆ.

ಕಾರಣ ಮೊಟ್ಟೆಯಲ್ಲೇ ಇದೆ. ಆಮೆಯ ಮೊಟ್ಟೆಗೆ ತೊಗಲಿನಂಥ ಚಿಪ್ಪು. ಒಳಗಿನ ಮರಿ ಉಸಿರಾಡುವುದು ಮರಳಿನ ಕಣಗಳ ನಡುವಿನ ಗಾಳಿಯಿಂದ. ಕಡಲಲ್ಲೇ ಇಟ್ಟರೆ ಮರಿ ಉಸಿರುಗಟ್ಟಿ ಸಾಯುತ್ತದೆ. ಕಪ್ಪೆಯ ಮೊಟ್ಟೆಗೆ ಚಿಪ್ಪೇ ಇಲ್ಲ, ಬರೀ ಲೋಳೆ. ಗಾಳಿಗೆ ಬಿಟ್ಟರೆ ಒಣಗುತ್ತದೆ.

ಹಾರುಕಪ್ಪೆ ಇದಕ್ಕೆ ಹೂಡಿರುವ ಉಪಾಯ ಸೊಗಸಾದದ್ದು. ಹತ್ತು ಸೆಂಟಿಮೀಟರಿನಷ್ಟು ಉದ್ದದ ಈ ಹಸಿರು ಕಪ್ಪೆಯ ಬೆರಳುಗಳ ನಡುವೆ ಕೆಂಪು ಜಾಲಪೊರೆಯಿದೆ. ಅದನ್ನು ಬಿಡಿಸಿಕೊಂಡು ಒಂದು ಮರದಿಂದ ಹತ್ತು ಮೀಟರ್ ದೂರಕ್ಕೂ ತೇಲಿಹೋಗುತ್ತದೆ. ಹೆಸರು ಹಾರುಕಪ್ಪೆ, ನಿಜಕ್ಕೆ ಅದು ಜಾರುವಿಕೆ. ಜಾಂಬೋಟಿ, ಭೀಮಗಡದ ಕಡೆ ಮಳೆ ಹಿಡಿದು ಕುಳಿಗಳು ತುಂಬಿದ ಮೇಲೆ ಜೋಡಿ ನೀರಿನ ಮೇಲೆ ಬಾಗಿದ ಕೊಂಬೆಗೆ ಇಳಿಯುತ್ತದೆ. ಹೆಣ್ಣು ತನ್ನ ಮೈಯಿಂದ ಬಂದ ದ್ರವವನ್ನು ಹಿಂಗಾಲುಗಳಿಂದ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆಯೆಬ್ಬಿಸಿ, ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಪದರ ಒಣಗಿ ಗಟ್ಟಿಯಾದರೂ ಒಳಗೆ ತೇವ ಉಳಿಯುತ್ತದೆ. ಕೆಳಗಿನ ಕೊಳದ ಮೀನು, ಹುಳುಗಳಿಗೂ ಮೊಟ್ಟೆ ಎಟುಕುವುದಿಲ್ಲ. ದಿನ ತುಂಬಿದ ಮೇಲೆ ನೊರೆ ಕರಗಿ ಗೊದಮೊಟ್ಟೆಗಳು ಕೆಳಗೆ ನೀರಿಗೆ ಉದುರುತ್ತವೆ.

ಆಮೆಯ ಕೆಲಸ ಇದಕ್ಕಿಂತ ಒರಟು. ಚಳಿಗಾಲದ ರಾತ್ರಿ ಸುಮಾರು 40 ಕಿಲೊ ತೂಕದ ಹೆಣ್ಣು ನಮ್ಮ ಉತ್ತರ ಕನ್ನಡದ ದಡಕ್ಕೋ ಗೋವೆಯ ಮೊರ್ಜಿಂ, ಅಗೊಂದಕ್ಕೋ ತೆವಳಿ ಬಂದು, ಹಿಂಗಾಲಿನಿಂದಲೇ ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಮುಚ್ಚಿ ಕಡಲಿಗೆ ಮರಳುತ್ತದೆ. ಆಗ ಅದರ ಕಣ್ಣಲ್ಲಿ ಸುರಿಯುವ ನೀರನ್ನು ಹೆರಿಗೆ ನೋವಿನ ಕಣ್ಣೀರು ಎನ್ನುವವರಿದ್ದಾರೆ. ಮೈಯೊಳಗಿನ ಹೆಚ್ಚಿನ ಉಪ್ಪನ್ನು ಕಣ್ಣಿನ ಬಳಿಯ ಗ್ರಂಥಿ ಹೊರಹಾಕುವುದದು. ಕಡಲಲ್ಲಿದ್ದಾಗಲೂ ಸುರಿಯುತ್ತಲೇ ಇರುತ್ತದೆ. ಹಾರುಕಪ್ಪೆಗೆ ಇಂಥ ಸೌಕರ್ಯವಿಲ್ಲ. ಅದರ ತೆಳು ಚರ್ಮ ನೀರು ಹೀರುವಂಥದ್ದು, ಉಪ್ಪುನೀರಿಗೆ ಇಳಿದರೆ ಮೈನೀರೇ ಬಸಿದುಹೋಗುತ್ತದೆ.

ಸುಮಾರು ಎರಡು ತಿಂಗಳ ಕಾಲ ಮರಿಗಳನ್ನು ಬೆಳೆಸುವುದು ಮರಳಿನ ಬಿಸಿ. ಅವು ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದೂ ಅದೇ: ಮರಳು ಬೆಚ್ಚಗಾದಷ್ಟೂ ಹೆಣ್ಣು ಹೆಚ್ಚು. ಹೀಗಾಗಿ ದಡದಲ್ಲಿ ಮೊಟ್ಟೆ ಕಾಯುವವರಿಗೆ ನೆರಳು ಕಟ್ಟುವ ದಾರಿಯಿದೆ. ನಾಯಿ, ನರಿ, ಅಲೆಗಳ ಭಯವಿದ್ದಲ್ಲಿ ಮೊಟ್ಟೆಯನ್ನು ಬೇಗನೆ, ಮಗುಚದಂತೆ ಎತ್ತಿ ಬೇಲಿ ಹಾಕಿದ ಮರಳಿನಲ್ಲಿ ಹೂಳಲೂ ಬಹುದು. ನೊರೆಗೂಡಿಗೆ ಬೇಕಾದದ್ದು ಬೇರೆ: ಗೊದಮೊಟ್ಟೆ ಉದುರುವ ದಿನ ಕೊಂಬೆಯ ನೇರ ಕೆಳಗೆ ನೀರು ನಿಂತಿರಬೇಕು, ಅವು ಕಾಲು ಮೂಡಿಸಿಕೊಂಡು ಮರ ಹತ್ತುವ ತನಕ ಆ ಕುಳಿ ಬತ್ತಬಾರದು.